ವಿಜ್ಞಾನೇಶ್ವರನ ಎಚ್‌-ಇಂಡೆಕ್ಸ್ ಒಂದು: ಆಕ್ಷೇಪಗಳಿಗೆ ಪ್ರತ್ಯುತ್ತರ

ಬಸವಕಲ್ಯಾಣದಲ್ಲಿ ಕಾಲೇಜು ಮಾಸ್ತರರ ಕೂಟವೊಂದರಲ್ಲಿ ನಾನು ಆಡಿದ ಮಾತು ಹುಮನಾಬಾದ್ ದಾಟಿ ಕಲಬುರಗಿವರೆಗೂ ಹೋಗಿದೆ. ಹೋಗುವಾಗ ದಾರಿಯಲ್ಲಿ ಇದ್ದದ್ದಕ್ಕಿಂತ ದಪ್ಪವೂ ಆಗಿದೆ. ನಾನು ಅಂದದ್ದು ಇಷ್ಟು: ಈ ಊರಿನಲ್ಲಿ ಕೂತು ಬರೆದವರ ಪೈಕಿ ಅತಿ ಹೆಚ್ಚು ಉಲ್ಲೇಖಗೊಂಡವನು ಮಿತಾಕ್ಷರದ ವಿಜ್ಞಾನೇಶ್ವರ, ಇಂದಿನ ಲೆಕ್ಕದಲ್ಲಿ ಅವನ ಎಚ್‌-ಇಂಡೆಕ್ಸ್ ಒಂದು, ಆ ಒಂದನ್ನು ಹೊತ್ತು ಬಂದವನಿಗೆ ನಮ್ಮ ಯಾವ ಆಯ್ಕೆ ಸಮಿತಿಯೂ ಕುರ್ಚಿ ತೋರಿಸುವುದಿಲ್ಲ, ಆದ್ದರಿಂದ ಕನ್ನಡ, ಕಾನೂನು, ರಸಾಯನ, ಕೃಷಿ ಎಲ್ಲಕ್ಕೂ ಒಂದೇ ಅಂಕಿಯ ಅಳತೆ ಹಿಡಿಯುವುದನ್ನು ಬಿಡೋಣ.

ಇದಕ್ಕೆ ಬಂದ ಉತ್ತರಗಳಲ್ಲಿ ಕೆಲವು ಬರೀ ಬೈಗುಳ. ಉಳಿದವು ಓದಿಕೊಂಡವರು, ಕಾಳಜಿ ಇದ್ದವರು ಬರೆದವು. ಅವರಿಗೆ ಇಲ್ಲಿ ಉತ್ತರಿಸುತ್ತೇನೆ, ಹೆಸರು ಹೇಳದೆ. ವಾದ ಎದುರಿಗಿರುವಾಗ ವಾದಿಯ ಹೆಸರು ಬೇಕಿಲ್ಲ.

ಎಚ್‌-ಇಂಡೆಕ್ಸ್ ಅಂದರೆ ಏನೆಂದು ತಿಳಿಯದ ಓದುಗರಿಗೆ ಎರಡು ಮಾತು. ಒಬ್ಬರ ಹತ್ತು ಪೇಪರುಗಳಿಗೆ ತಲಾ ಹತ್ತಾದರೂ ಉಲ್ಲೇಖ ಸಿಕ್ಕಿದ್ದರೆ ಅವರ ಅಂಕಿ ಹತ್ತು. ಇಪ್ಪತ್ತಕ್ಕೆ ತಲಾ ಇಪ್ಪತ್ತು ಸಿಕ್ಕಿದ್ದರೆ ಇಪ್ಪತ್ತು. ಬರೆದದ್ದು ಒಂದೇ ಇದ್ದರೆ ಲಕ್ಷ ಜನ ಉಲ್ಲೇಖಿಸಿದರೂ ಅಂಕಿ ಒಂದನ್ನು ಬಿಟ್ಟು ಮೇಲೇಳದು. ಉಲ್ಲೇಖಕ್ಕೆ ನಮ್ಮ ಕಾಲೇಜುಗಳ ಭಾಷೆಯಲ್ಲಿ ಸೈಟೇಶನ್. ಬಡ್ತಿಯ ಅರ್ಜಿ, ಗೈಡ್‌ಶಿಪ್, ಸಂದರ್ಶನ ಎಲ್ಲ ಕಡೆಗೂ ಈಗ ಮೊದಲ ಪ್ರಶ್ನೆ ಒಂದೇ: ‘ಎಷ್ಟ್ ಪೇಪರ್ ಆಗ್ಯಾವ್ರೀ?’

ಚಿಕ್ಕ ಆಕ್ಷೇಪವನ್ನು ಮೊದಲು ಮುಗಿಸುತ್ತೇನೆ. ವಿಜ್ಞಾನೇಶ್ವರ ಕಲ್ಯಾಣದವನಲ್ಲ, ಕಲಬುರಗಿ ಜಿಲ್ಲೆಯ ಮರ್ತೂರಿನವನು ಎಂದು ಒಬ್ಬರು ತಿದ್ದಿದ್ದಾರೆ. ಮರ್ತೂರು ಅವನ ಊರೆಂದು ವಿದ್ವಾಂಸರು ಹೇಳುತ್ತ ಬಂದಿದ್ದಾರೆ, ನನ್ನ ತಕರಾರಿಲ್ಲ. ಆದರೆ ಮಿತಾಕ್ಷರದ ಕೊನೆಯ ಶ್ಲೋಕಗಳು ಕೊಂಡಾಡುವುದು ಕಲ್ಯಾಣ ಪಟ್ಟಣವನ್ನು, ಅದರ ದೊರೆ ವಿಕ್ರಮಾರ್ಕನನ್ನು, ಸಂಕೋಚವಿಲ್ಲದೆ ಪಂಡಿತ ವಿಜ್ಞಾನೇಶ್ವರನನ್ನೂ. ಆ ದೊರೆ 1076ರಿಂದ 1126ರವರೆಗೆ ಆಳಿದ ಆರನೆಯ ವಿಕ್ರಮಾದಿತ್ಯ. ಈಗಿನ ಡೇಟಾಬೇಸುಗಳು ಯಾರ ಹುಟ್ಟೂರನ್ನೂ ಕೇಳುವುದಿಲ್ಲ, ಪೇಪರಿನ ತಲೆಗೆ ಬರೆದ ಸಂಸ್ಥೆಯ ವಿಳಾಸ ನೋಡುತ್ತವೆ. ಆ ಲೆಕ್ಕಕ್ಕೂ ಮಿತಾಕ್ಷರ ಕಲ್ಯಾಣದ ಖಾತೆಗೇ ಜಮಾ.

ಎರಡನೆಯದು ತೂಕದ ಆಕ್ಷೇಪ, ಬರೆದವರು ವಕೀಲರು. ಮಿತಾಕ್ಷರಕ್ಕೆ ಇಷ್ಟು ಉಲ್ಲೇಖ ಸಿಕ್ಕದ್ದು ಅದರ ಗುಣದಿಂದಲ್ಲ, ಕೋಲ್‌ಬ್ರೂಕ್ ಎಂಬ ಇಂಗ್ಲಿಷ್ ಅಧಿಕಾರಿ ಅದನ್ನು ಅನುವಾದಿಸಿದ್ದರಿಂದ, ಕಂಪನಿಯ ಅದಾಲತ್ತುಗಳು ಅದನ್ನು ಹಿಡಿದುಕೊಂಡದ್ದರಿಂದ ಎಂಬುದು ಅವರ ವಾದ. ಇದರಲ್ಲಿ ಅರ್ಧ ಸರಿಯಿಲ್ಲ, ಅರ್ಧ ಸರಿಯಿದೆ. ಸರಿಯಿರುವ ಅರ್ಧ ನನ್ನ ಕಡೆಗೇ ವಾಲುತ್ತದೆ.

ಸರಿಯಿಲ್ಲದ ಅರ್ಧ ಮೊದಲು. ಕೋಲ್‌ಬ್ರೂಕ್ ಹುಟ್ಟುವ ನಾಲ್ಕು ಶತಮಾನ ಮುಂಚೆಯೇ ವಿಶ್ವೇಶ್ವರ ಭಟ್ಟ ಮಿತಾಕ್ಷರದ ಮೇಲೆ ‘ಸುಬೋಧಿನೀ’ ಬರೆದಿದ್ದ. ಆಮೇಲೆ ನಂದಪಂಡಿತ ಬರೆದ. ಹದಿನೆಂಟನೆಯ ಶತಮಾನದಲ್ಲಿ ‘ಬಾಲಂಭಟ್ಟೀ’ ಬಂತು. ಅದನ್ನು ಪಾಯಗುಂಡೆ ಮನೆತನದ ಲಕ್ಷ್ಮೀದೇವಿಯ ಹೆಸರಿಗೆ ಹೇಳುವುದೂ ಉಂಟು. ಯಾಜ್ಞವಲ್ಕ್ಯ ಸ್ಮೃತಿಯ ಮೇಲಿನ ಒಂದು ವ್ಯಾಖ್ಯಾನಕ್ಕೆ ಮತ್ತೆ ವ್ಯಾಖ್ಯಾನ, ಅದೂ ಕೃಷ್ಣೆಯ ಉತ್ತರಕ್ಕಿರುವ ಒಂದು ಕನ್ನಡ ರಾಜಧಾನಿಯಲ್ಲಿ ಹುಟ್ಟಿದ ಪುಸ್ತಕಕ್ಕೆ ಉತ್ತರ ಭಾರತದ ಪಂಡಿತರಿಂದ. ಗುಣವಿಲ್ಲದೆ ಇಷ್ಟು ಕಾಲ, ಇಷ್ಟು ದೂರ ಯಾವ ಪುಸ್ತಕವೂ ನಡೆಯುವುದಿಲ್ಲ.

ಇನ್ನು ಸರಿಯಿರುವ ಅರ್ಧ. ಯಾಜ್ಞವಲ್ಕ್ಯ ಸ್ಮೃತಿಗೆ ಆಚಾರ, ವ್ಯವಹಾರ, ಪ್ರಾಯಶ್ಚಿತ್ತ ಎಂದು ಮೂರು ಅಧ್ಯಾಯ. ವಿಜ್ಞಾನೇಶ್ವರ ಮೂರಕ್ಕೂ ವ್ಯಾಖ್ಯಾನ ಬರೆದ. ಕೋಲ್‌ಬ್ರೂಕ್ 1810ರಲ್ಲಿ ಕೋಲ್ಕತ್ತದಲ್ಲಿ ಅಚ್ಚು ಹಾಕಿಸಿದ್ದು ವ್ಯವಹಾರಾಧ್ಯಾಯದೊಳಗಿನ ದಾಯವಿಭಾಗವನ್ನು ಮಾತ್ರ, ಬಂಗಾಳದ ಜೀಮೂತವಾಹನನ ದಾಯಭಾಗದ ಜೊತೆಗೆ. ಸರಕಾರಕ್ಕೆ ಬೇಕಿದ್ದದ್ದು ಆಸ್ತಿಯ ತಂಟೆ ಬಗೆಹರಿಸುವ ಪುಸ್ತಕ. ಹಾಗಾಗಿ ಆಸ್ತಿಯ ಭಾಗ ಜಡ್ಜರ ಮೇಜಿಗೆ ಹೋಯಿತು, ಉಳಿದ ಭಾಗಗಳು ಬಹುಮಟ್ಟಿಗೆ ಪಂಡಿತರ ಕಟ್ಟಿನಲ್ಲಿ ಉಳಿದವು. ಬರೆದವನು ಒಬ್ಬ, ಬುದ್ಧಿ ಒಂದೇ. ಒಂದು ಭಾಗಕ್ಕೆ ಸಾವಿರಾರು ಉಲ್ಲೇಖ, ಇನ್ನೊಂದಕ್ಕೆ ಬೆರಳೆಣಿಕೆ. ಉಲ್ಲೇಖ ಹೋಗುವುದು ಅನುವಾದ, ಅಧಿಕಾರ, ಅಚ್ಚುಮನೆ ಇರುವ ಕಡೆಗೆ ಎಂದು ವಕೀಲರೇ ಸಾಬೀತು ಮಾಡಿಕೊಟ್ಟಿದ್ದಾರೆ. ಅದನ್ನೇ ಬೆಂಗಳೂರಿನ ಪ್ರಯೋಗಾಲಯಕ್ಕೂ ಹುಮನಾಬಾದಿನ ಡಿಗ್ರಿ ಕಾಲೇಜಿಗೂ ಅನ್ವಯಿಸಿ ನೋಡಲಿ. ನಾನು ಬೇರೇನೂ ಕೇಳುತ್ತಿಲ್ಲ.

ಇನ್ನೊಂದು ಹೆಜ್ಜೆ ಮುಂದೆ ಹೋಗಬೇಕು. ಉಲ್ಲೇಖಿಸಿದವರೆಲ್ಲ ಒಪ್ಪಿದವರಲ್ಲ. ಹೆಣ್ಣಿಗೆ ಪಿತ್ರಾರ್ಜಿತವಾಗಿ, ಪಾಲಿನಿಂದ, ಖರೀದಿಯಿಂದ ಬಂದದ್ದೂ ಸ್ತ್ರೀಧನವೇ ಎಂದು ವಿಜ್ಞಾನೇಶ್ವರ ವಿಶಾಲವಾಗಿ ಅರ್ಥ ಮಾಡಿದ್ದ. ಲಂಡನ್ನಿನ ಪ್ರಿವಿ ಕೌನ್ಸಿಲ್ ಅವನ ಹೆಸರು ಹೇಳುತ್ತಲೇ ಆ ವಿಶಾಲ ಅರ್ಥವನ್ನು ಪಕ್ಕಕ್ಕಿಟ್ಟಿತು. ಹೆಣ್ಣಿನ ಪೂರ್ಣ ಒಡೆತನದ ವಿಷಯದಲ್ಲಿ ನಮ್ಮ ಕಾನೂನು ಅವನ ಹತ್ತಿರಕ್ಕೆ ಬರಲು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 14ನೆಯ ಕಲಮಿನವರೆಗೆ ಕಾಯಬೇಕಾಯಿತು. ಅದೇ ಕಾಯ್ದೆಯ 6ನೆಯ ಕಲಮಿನಲ್ಲಿ ಮಿತಾಕ್ಷರದ ಹೆಸರೇ ಇದೆ. ಮಗನಿಗೆ ಹುಟ್ಟಿನಿಂದಲೇ ಹಕ್ಕು ಎಂಬ ತತ್ವ ಅವನದು. ಮಗಳು ಅದರ ಹೊರಗೆ ಉಳಿದಿದ್ದಳು. ಕರ್ನಾಟಕ 1994ರಲ್ಲಿ, ದೇಶವಿಡೀ 2005ರಲ್ಲಿ ಅದನ್ನು ತಿದ್ದಿತು. 2020ರ ಆಗಸ್ಟ್‌ನಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಮಗಳ ಹಕ್ಕೂ ಹುಟ್ಟಿನಿಂದಲೇ, 2005ರ ತಿದ್ದುಪಡಿ ಜಾರಿಗೆ ಬಂದ ದಿನ ತಂದೆ ಬದುಕಿದ್ದನೋ ಇಲ್ಲವೋ ಎಂಬುದು ಲೆಕ್ಕಕ್ಕಿಲ್ಲ ಎಂದಿತು. ಪ್ರಿವಿ ಕೌನ್ಸಿಲಿನ ನಿರಾಕರಣೆಗೆ ಒಂದು ಅಂಕ, ತಿದ್ದುಪಡಿಗೆ ಒಂದು, ಸುಪ್ರೀಂ ಕೋರ್ಟಿನ ವಿಸ್ತರಣೆಗೆ ಒಂದು: ಸೈಟೇಶನ್ ಲೆಕ್ಕದಲ್ಲಿ ಮೂರೂ ಸಮ.

ವಕೀಲರಿಗೆ ಇಲ್ಲೊಂದು ವಿಷಯ ಹಿಡಿಸಬಹುದು. ವಿಜ್ಞಾನದಲ್ಲಿ ಉಲ್ಲೇಖ ಎಣಿಸುವ ಕಲ್ಪನೆಯನ್ನು 1955ರಲ್ಲಿ ಮುಂದಿಟ್ಟು, 1964ರ ಹೊತ್ತಿಗೆ ಸೈನ್ಸ್ ಸೈಟೇಶನ್ ಇಂಡೆಕ್ಸ್ ಎಂಬ ಸೂಚಿಯಾಗಿ ಹೊರತಂದವನು ಅಮೆರಿಕದ ಯೂಜಿನ್ ಗಾರ್ಫೀಲ್ಡ್. ಅವನಿಗೆ ಮಾದರಿಯಾಗಿದ್ದದ್ದು 1873ರಿಂದ ಅಲ್ಲಿಯ ವಕೀಲರು ಬಳಸುತ್ತಿದ್ದ ಶೆಪರ್ಡ್ಸ್ ಎಂಬ ತೀರ್ಪುಗಳ ಸೂಚಿ. ಯಾವ ತೀರ್ಪನ್ನು ಮುಂದಿನ ಕೋರ್ಟು ಅನುಸರಿಸಿತು, ಯಾವುದನ್ನು ತಳ್ಳಿಹಾಕಿತು, ಯಾವುದರ ಬಗ್ಗೆ ಸಂಶಯ ಪಟ್ಟಿತು ಎಂದು ಅದರಲ್ಲಿ ಗುರುತು ಹಾಕುತ್ತಿದ್ದರು. ವಿಜ್ಞಾನದ ಸೂಚಿ ಎಣಿಕೆಯನ್ನು ತೆಗೆದುಕೊಂಡಿತು, ಆ ಗುರುತನ್ನು ವಕೀಲರ ಹತ್ತಿರವೇ ಬಿಟ್ಟು ಬಂತು.

ರಸಾಯನಶಾಸ್ತ್ರದ ಹಿರಿಯ ಪ್ರಾಧ್ಯಾಪಕರೊಬ್ಬರು ಮೂರನೆಯ ಆಕ್ಷೇಪ ಎತ್ತಿದ್ದಾರೆ: ಶಾಸ್ತ್ರಿಗಳ ವ್ಯಾಖ್ಯಾನ ಬೇರೆ, ವಿಜ್ಞಾನ ಬೇರೆ, ಪ್ರಯೋಗದ ವಿಜ್ಞಾನದಲ್ಲಿ ಸೈಟೇಶನ್ ಮೋಸ ಮಾಡುವುದಿಲ್ಲ. ಅವರ ಮಾತಿಗೆ ನಾನೇಕೆ ಉತ್ತರ ಕೊಡಲಿ, ಎಚ್‌-ಇಂಡೆಕ್ಸ್ ಹುಟ್ಟಿಸಿದ ಹಿರ್ಶ್ ಕೊಡಲಿ. ಹಿರ್ಶ್ ಭೌತವಿಜ್ಞಾನಿ. 2005ರ ತನ್ನ ಪೇಪರಿನಲ್ಲೇ ಆತ ತೋರಿಸಿದ ಪ್ರಕಾರ ಭೌತವಿಜ್ಞಾನಿಗಳಲ್ಲಿ ಎಲ್ಲರಿಗಿಂತ ಮೇಲಿದ್ದ ಎಡ್ವರ್ಡ್ ವಿಟನ್ ಅಂಕಿ 110. ಜೀವವಿಜ್ಞಾನದ ಕಡೆ ಮೇಲಿದ್ದ ಸಾಲೊಮನ್ ಸ್ನೈಡರ್ ಅಂಕಿ 191. ಸ್ನೈಡರ್ ವಿಟನ್‌ಗಿಂತ ಹೆಚ್ಚುಕಡಿಮೆ ಎರಡು ಪಟ್ಟು ದೊಡ್ಡ ವಿಜ್ಞಾನಿ ಎಂದು ಯಾರೂ ಹೇಳುವುದಿಲ್ಲ, ಹಿರ್ಶ್ ಕೂಡ ಹೇಳಲಿಲ್ಲ. ಕ್ಷೇತ್ರ ಬದಲಾದರೆ ಅಂಕಿ ಬದಲಾಗುತ್ತದೆ ಎಂದು ಸ್ಪಷ್ಟವಾಗಿ ಬರೆದ. ಹದಿನೈದು ವರ್ಷ ಕಳೆದ ಮೇಲೆ, 2020ರಲ್ಲಿ, ತಾನು ಕೊಟ್ಟ ಅಳತೆ ಕೆಲವೊಮ್ಮೆ ಘೋರವಾಗಿ ಸೋಲುತ್ತದೆ, ಯಾರೂ ಬಯಸದ ಕೆಟ್ಟ ಪರಿಣಾಮಗಳನ್ನು ತರುತ್ತದೆ ಎಂದೂ ಆತನೇ ಒಪ್ಪಿಕೊಂಡ. ನಮ್ಮ ಸಮಿತಿಗಳು 2005ರ ಹಿರ್ಶ್‌ನನ್ನು ಅರ್ಧ ಓದಿವೆ, 2020ರ ಹಿರ್ಶ್‌ನನ್ನು ಓದಿಯೇ ಇಲ್ಲ.

ಪ್ರಾಧ್ಯಾಪಕರು ಕೇಳಿದ ‘ಪ್ರಯೋಗದ ವಿಜ್ಞಾನ’ದಿಂದಲೇ ಉದಾಹರಣೆ ಕೊಡುತ್ತೇನೆ. ನೇಚರ್ ಪತ್ರಿಕೆ 2014ರಲ್ಲಿ ಅತಿ ಹೆಚ್ಚು ಉಲ್ಲೇಖಗೊಂಡ ನೂರು ಪೇಪರುಗಳ ಪಟ್ಟಿ ಮಾಡಿತು. ಮೊದಲ ಸ್ಥಾನ, 3,05,000ಕ್ಕೂ ಹೆಚ್ಚು ಉಲ್ಲೇಖಗಳೊಂದಿಗೆ, 1951ರಲ್ಲಿ ಆಲಿವರ್ ಲೌರಿ ಮತ್ತು ಸಂಗಡಿಗರು ಬರೆದ ಪೇಪರಿಗೆ. ಅದರಲ್ಲಿ ಇರುವುದು ದ್ರಾವಣದಲ್ಲಿ ಪ್ರೋಟೀನ್ ಎಷ್ಟಿದೆ ಎಂದು ಅಳೆಯುವ ವಿಧಾನ. ಉಪಯುಕ್ತ ಕೆಲಸ, ಪ್ರಯೋಗಾಲಯಕ್ಕೆ ಬೇಕೇ ಬೇಕಾದದ್ದು. ಆದರೆ ಅದೇನು ಮಹಾ ಪೇಪರಲ್ಲ ಎಂದು ಲೌರಿ ತಾನೇ ಹೇಳಿಕೊಂಡಿದ್ದ. ಇತ್ತ ಕಡೆ ಪೀಟರ್ ಹಿಗ್ಸ್: 1964ರ ಒಂದು ಸಣ್ಣ ಪೇಪರಿನ ನಂತರ ಹತ್ತು ಪೇಪರನ್ನೂ ಬರೆಯದೆ 2013ರಲ್ಲಿ ನೊಬೆಲ್ ಪಡೆದು, ಇವತ್ತಿನ ವಿಶ್ವವಿದ್ಯಾಲಯದಲ್ಲಿ ತನಗೆ ಕೆಲಸವೇ ಸಿಗುತ್ತಿರಲಿಲ್ಲ ಅಂದವರು. ಅವರ ಹೆಸರಿನ ಕಣದ ತೂಕ ಹೇಳುವ 2015ರ ಪೇಪರಿಗೆ 5,154 ಲೇಖಕರು; 33 ಪುಟಗಳಲ್ಲಿ 24 ಪುಟ ಹೆಸರುಗಳಿಗೇ ಹೋಗಿವೆ. ಆ 5,154 ಮಂದಿಗೂ ಆ ಪೇಪರಿನ ಪ್ರತಿ ಉಲ್ಲೇಖವೂ ಪೂರ್ತಿ ಸಲ್ಲುತ್ತದೆ. ಯುಜಿಸಿಯ 2018ರ ನಿಯಮ ಇಬ್ಬರಿಗಿಂತ ಹೆಚ್ಚು ಲೇಖಕರಿದ್ದಲ್ಲಿ ಮೊದಲ ಲೇಖಕನಿಗೆ ಶೇ 70, ಉಳಿದವರಿಗೆ ತಲಾ ಶೇ 30 ಅನ್ನುತ್ತದೆ. ಕೂಡಿಸಿ ನೋಡಿದರೆ ಅದು ಯಾವ ಗಣಿತವೋ ಆ ಆಯೋಗಕ್ಕೇ ಗೊತ್ತು. ಹುಮನಾಬಾದ್ ತಾಲ್ಲೂಕಿನ ಜಲಸಂಗಿಯ ಗುಡಿಯ ಗೋಡೆಯ ಮೇಲೆ ವಿಕ್ರಮಾದಿತ್ಯನ ಕೀರ್ತಿಯನ್ನು ಕಲ್ಲಿನಲ್ಲಿ ಬರೆಯುತ್ತ ನಿಂತ ಶಿಲಾಬಾಲಿಕೆಗೆ ಮೊದಲ ಲೇಖಕಿಯ ಪಾಲು ಕೊಡೋಣವೆಂದರೆ, ಅವಳನ್ನು ಕಡೆದವನಿಗೆ ಎಷ್ಟು ಶೇಕಡಾ?

ನಾಲ್ಕನೆಯ ಆಕ್ಷೇಪದವರು ಹೊಸ ತಲೆಮಾರಿನವರು, ಲೆಕ್ಕ ಬಲ್ಲವರು. ‘ಕ್ಷೇತ್ರದಿಂದ ಕ್ಷೇತ್ರಕ್ಕೆ ಅಂಕಿ ಬದಲಾಗುತ್ತದೆ ನಿಜ, ಆದರೆ ಅದನ್ನು ಸರಿದೂಗಿಸುವ ವಿಧಾನ ಈಗ ಇದೆ. ಜಗತ್ತಿನ ಅಗ್ರ ಶೇ 2 ವಿಜ್ಞಾನಿಗಳ ಪಟ್ಟಿ ನೋಡಿ’ ಎನ್ನುತ್ತಾರೆ. ಹೌದು, ಇದೆ. ಸ್ಟ್ಯಾನ್‌ಫರ್ಡಿನ ಜಾನ್ ಅಯೊನಿಡಿಸ್ ಮತ್ತು ಸಂಗಡಿಗರು 2019ರಿಂದ ತಯಾರಿಸುತ್ತಿರುವ ಆ ಪಟ್ಟಿ ವಿಜ್ಞಾನವನ್ನು 22 ಕ್ಷೇತ್ರ, 174 ಉಪಕ್ಷೇತ್ರ ಎಂದು ವಿಂಗಡಿಸುತ್ತದೆ. ಒಂದೇ ಅಂಕಿಯ ಬದಲು ಆರು ಅಂಕಿಗಳನ್ನು ಕೂಡಿಸುತ್ತದೆ. ಒಬ್ಬರೇ ಬರೆದದ್ದು, ಮೊದಲ ಹೆಸರಿನದು, ಕೊನೆಯ ಹೆಸರಿನದು ಎಂದು ಬೇರೆ ಬೇರೆ ನೋಡುತ್ತದೆ. ತಮ್ಮನ್ನು ತಾವೇ ಉಲ್ಲೇಖಿಸಿಕೊಂಡದ್ದನ್ನು ಕಳೆದೂ ತೋರಿಸುತ್ತದೆ. ಒಳ್ಳೆಯ ಕೆಲಸ. ಅದರಲ್ಲಿ ಹೆಸರು ಬಂದವರ ಫ್ಲೆಕ್ಸ್ ಕಟ್ಟಿದರೂ ನನಗೆ ಹೊಟ್ಟೆಕಿಚ್ಚಿಲ್ಲ.

ಆದರೆ ಆ ಪಟ್ಟಿಗೆ ಕಚ್ಚಾ ಮಾಲು ಬರುವುದು ಸ್ಕೋಪಸ್ ಎಂಬ ಒಂದು ಕಂಪನಿಯ ಡೇಟಾಬೇಸಿನಿಂದ. ಅದರೊಳಗೆ ಇರುವವರನ್ನು ತಮ್ಮ ತಮ್ಮಲ್ಲಿ ಸರಿದೂಗಿಸಬಹುದು. ಹೊರಗೆ ಉಳಿದವರನ್ನು ಯಾವುದರ ಜೊತೆ ಸರಿದೂಗಿಸುತ್ತೀರಿ? ಸಂತೆಯೊಳಗಿನ ತಕ್ಕಡಿ ಎಷ್ಟೇ ಸರಿಯಿದ್ದರೂ ಹೊಲದಲ್ಲೇ ಉಳಿದ ಬೆಳೆ ತೂಗುವುದಿಲ್ಲ. ಕನ್ನಡದ ಸಂಶೋಧನೆ ಬಹುಪಾಲು ಹೊರಗೇ ಇದೆ. ಎಂ. ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ 1966ರ ಪುಸ್ತಕ. ಅದನ್ನು ಮುಟ್ಟದೆ ಚಾಲುಕ್ಯರ ಕಾಲದ ಮೇಲೆ ಕನ್ನಡದಲ್ಲಿ ಪಿಎಚ್‌ಡಿ ಬರೆಯುವುದು ಕಷ್ಟ. ಸಿ.ಎನ್.ಆರ್. ರಾವ್ ಅವರ ಪೇಪರುಗಳು 1,500 ದಾಟಿವೆ, ಅವು ಅಂತಾರಾಷ್ಟ್ರೀಯ ಸೂಚಿಗಳಲ್ಲಿ ಒಂದೊಂದೂ ಸಿಗುತ್ತವೆ. ಇಬ್ಬರೂ ತಮ್ಮ ತಮ್ಮ ವಿದ್ಯೆಯ ಶಿಖರದವರು. ಒಬ್ಬರ ಉಲ್ಲೇಖಗಳನ್ನು ಯಂತ್ರ ಎಣಿಸುತ್ತದೆ. ಇನ್ನೊಬ್ಬರವು ಧಾರವಾಡ, ಹಂಪಿ, ಕಲಬುರಗಿಯ ಪ್ರಬಂಧಗಳ ಅಡಿಟಿಪ್ಪಣಿಗಳಲ್ಲಿ ಯಂತ್ರದ ಕಣ್ಣಿಗೆ ಬೀಳದೆ ಕೂತಿವೆ.

ಕಲ್ಯಾಣದ ವಿಷಯಕ್ಕೇ ಬರೋಣ. ಇಂದು ಬಸವಕಲ್ಯಾಣಕ್ಕೆ ಬರುವ ವಿದ್ವಾಂಸರು, ಯಾತ್ರಿಕರು ವಚನ ಹೇಳುತ್ತ ಬರುತ್ತಾರೆ. ಆ ವಚನಗಳ ತಾಡೋಲೆ ಕಟ್ಟುಗಳನ್ನು ಊರೂರು ತಿರುಗಿ ಕೂಡಿಸಿ ಅಚ್ಚಿಗೆ ತಂದವರು ವಿಜಯಪುರದ ವಕೀಲರಾಗಿದ್ದ ಫ.ಗು. ಹಳಕಟ್ಟಿ. 1923ರಲ್ಲಿ ‘ವಚನಶಾಸ್ತ್ರ ಸಾರ’ ಬಂತು. ಆಮೇಲೆ ಸ್ವಂತ ಹಿತಚಿಂತಕ ಮುದ್ರಣಾಲಯ ಹಾಕಿದರು, 1926ರಲ್ಲಿ ‘ಶಿವಾನುಭವ’ ಪತ್ರಿಕೆ ಶುರು ಮಾಡಿದರು, ಅದರಲ್ಲಿ ತಾವೇ ಸಂಪಾದಿಸಿದ್ದನ್ನು ತಾವೇ ಪ್ರಕಟಿಸಿದರು. ಈಗಿನ ನಿಯಮ ಹಿಡಿದು ನೋಡಿದರೆ ಸಂಪಾದಕನೇ ಲೇಖಕ, ಲೇಖಕನೇ ಮುದ್ರಕ, ತಜ್ಞರ ವಿಮರ್ಶೆ ಇಲ್ಲ: ಸಂಶಯಾಸ್ಪದ ಪತ್ರಿಕೆ, ಅಂಕ ಸೊನ್ನೆ. ದುಡ್ಡು ತಗೊಂಡು ಏನನ್ನಾದರೂ ಅಚ್ಚು ಹಾಕುವ ಪತ್ರಿಕೆಗಳೂ ‘ನಾವೂ ಹಳಕಟ್ಟಿ ಥರ’ ಎನ್ನಬಹುದಲ್ಲ ಎಂದು ಯಾರಾದರೂ ಕೇಳಿಯಾರು. ಕೇಳಲಿ. ಎರಡರ ಒಂದೊಂದು ಸಂಚಿಕೆಯನ್ನು ಕೈಯಲ್ಲಿ ಹಿಡಿದು ಅರ್ಧ ಗಂಟೆ ಓದಿದವರಿಗೆ ವ್ಯತ್ಯಾಸ ಗೊತ್ತಾಗುತ್ತದೆ. ಅಂಕಿ ನೋಡಿದವರಿಗೆ ಗೊತ್ತಾಗುವುದಿಲ್ಲ.

ಐದನೆಯದು: ಊರಿನ ಬಾವಿ, ಊರಿನ ಬೆಳೆ ಎಂದು ಬರೆದದ್ದನ್ನು ಜಗತ್ತು ಉಲ್ಲೇಖಿಸದಿದ್ದರೆ ಅದು ಸಂಶೋಧನೆಯೇ ಅಲ್ಲ, ವರದಿ. ಇದನ್ನು ಬರೆದವರಿಗೆ ತೊಗರಿಯ ನೆಟೆ ರೋಗದ ಕಥೆ ಹೇಳುತ್ತೇನೆ. ಮಣ್ಣಿನಲ್ಲಿ ವರ್ಷಗಟ್ಟಲೆ ಅಡಗಿರುವ ಒಂದು ಶಿಲೀಂಧ್ರದಿಂದ ಬರುವ ರೋಗ. ಹೂ ಕಾಯಿ ಕಟ್ಟುವ ಹೊತ್ತಿಗೆ ನಿಂತ ಗಿಡ ಒಣಗುತ್ತದೆ. ಕಲಬುರಗಿ, ಬೀದರ್ ಕಡೆಯ ರೈತರಿಗೆ ಇದರ ಪರಿಚಯ ಬೇಡ. ಹುಮನಾಬಾದಿನಿಂದ ಹೈದರಾಬಾದ್ ಹೆದ್ದಾರಿ ಹಿಡಿದು ಹೋದರೆ ಪಟಾನ್‌ಚೆರುವಿನಲ್ಲಿ 1972ರಲ್ಲಿ ಶುರುವಾದ ಇಕ್ರಿಸ್ಯಾಟ್ ಎಂಬ ಕೃಷಿ ಸಂಶೋಧನಾ ಸಂಸ್ಥೆ ಸಿಗುತ್ತದೆ. ಅಲ್ಲಿ ರೋಗ ಹತ್ತಿದ ಹೊಲದಲ್ಲೇ ಬೆಳೆಸಿ, ಬದುಕಿದ್ದನ್ನು ಆರಿಸಿ ಆರಿಸಿ ತೆಗೆದ ತಳಿ ಐಸಿಪಿ 8863. ಅದು 1986ರಲ್ಲಿ ಕರ್ನಾಟಕಕ್ಕೆ ‘ಮಾರುತಿ’ ಎಂಬ ಹೆಸರಿನಲ್ಲಿ ಬಂತು. ಬಿತ್ತಿದ ರೈತ ಅಡಿಟಿಪ್ಪಣಿ ಬರೆಯಲಿಲ್ಲ. ಮುಂದಿನ ಹಂಗಾಮಿಗೆ ಅದನ್ನೇ ಬಿತ್ತಿದ, ಪಕ್ಕದ ಹೊಲದವನಿಗೆ ಬೀಜ ಕೊಟ್ಟ. ಅಂಥ ಕೆಲಸದ ಪ್ರಭಾವವನ್ನು ಅಳೆಯಲು ಬರುವುದಿಲ್ಲವೆಂದಲ್ಲ. 1990ರ ದಶಕದಲ್ಲಿ ಇಕ್ರಿಸ್ಯಾಟ್‌ನ ಅರ್ಥಶಾಸ್ತ್ರಜ್ಞರು ರೈತರನ್ನೇ ಕೇಳಿ, ಎಷ್ಟು ಹೊಲಕ್ಕೆ ಮಾರುತಿ ಹೋಗಿದೆ, ಹಾಕಿದ ಹಣಕ್ಕೆ ಎಷ್ಟು ಬಂತು ಎಂದು ಲೆಕ್ಕ ತೆಗೆದರು. ಆ ಲೆಕ್ಕಕ್ಕೆ ಧೂಳು ಮೆತ್ತಿಕೊಳ್ಳಬೇಕು. ಸ್ಕೋಪಸ್ ನೋಡಲು ಕೂತ ಜಾಗದಿಂದ ಏಳಬೇಕಿಲ್ಲ, ವ್ಯತ್ಯಾಸ ಅಷ್ಟೇ.

ಹುಮನಾಬಾದಿನ ಕೈಗಾರಿಕಾ ಪ್ರದೇಶದ ಸುತ್ತಲಿನ ಹಳ್ಳಿಗಳ ಬಾವಿ, ಬೋರ್‌ವೆಲ್ ನೀರನ್ನು ಇಲ್ಲಿಯ ರಸಾಯನದ ಮಾಸ್ತರೊಬ್ಬರು ಐದು ವರ್ಷ ತಿಂಗಳು ತಿಂಗಳು ಪರೀಕ್ಷಿಸಿದರು ಎಂದಿಟ್ಟುಕೊಳ್ಳಿ. ಆ ಕೋಷ್ಟಕಕ್ಕಿಂತ ಉಪಯೋಗದ ದಾಖಲೆ ಈ ತಾಲ್ಲೂಕಿಗೆ ಇನ್ನೊಂದು ಇರಲಾರದು. ದೊಡ್ಡ ಪತ್ರಿಕೆ ಅದನ್ನು ಸ್ಥಳೀಯ ಆಸಕ್ತಿಯ ವಿಷಯವೆಂದು ತಿರುಗಿ ಕಳಿಸುತ್ತದೆ. ಅದೇ ಮಾಸ್ತರು ಬೇರೆ ಯಾರೋ ತಯಾರಿಸಿದ ನ್ಯಾನೋ ಕಣವನ್ನು ಇನ್ನೊಂದು ಎಲೆಯ ರಸದಿಂದ ಮತ್ತೊಮ್ಮೆ ತಯಾರಿಸಿದರೆ ವರ್ಷಕ್ಕೆ ನಾಲ್ಕು ಪೇಪರು ಬಂದಾವು. ಯಾವುದನ್ನು ಮಾಡು ಎಂದು ನಮ್ಮ ಅಂಕಿ ಅವರಿಗೆ ಹೇಳಿಕೊಡುತ್ತಿದೆ? 2015ರಲ್ಲಿ ಲೈಡನ್ ಪ್ರಣಾಳಿಕೆ ಎಂದು ಹೊರಬಂದ ಹತ್ತು ಸೂತ್ರಗಳಲ್ಲಿ ಮೂರನೆಯದೇ ಸ್ಥಳೀಯ ಮಹತ್ವದ ಸಂಶೋಧನೆಯನ್ನು ಕಾಪಾಡಿ ಎಂಬುದು. ಅದನ್ನು ಬರೆದವರು ಹಳ್ಳಿ ಮಾಸ್ತರರಲ್ಲ, ಉಲ್ಲೇಖ ಎಣಿಸುವುದನ್ನೇ ವೃತ್ತಿ ಮಾಡಿಕೊಂಡವರು.

ಈಗ ಆರನೆಯದು. ಇದರ ಮುಂದೆ ನನ್ನ ದನಿ ತಗ್ಗುತ್ತದೆ. ಅತಿಥಿ ಉಪನ್ಯಾಸಕರೊಬ್ಬರು ಹೇಳಿದರು: ‘ನಮ್ಗ್ ಯಾರ್ದೂ ಶಿಫಾರಸ್ ಇಲ್ರಿ ಸರ್. ಅಂಕಿ ಇದ್ರ ಕೇಳ್ಲಾಕ್ ಬರ್ತದ, ಇಲ್ಲಂದ್ರ ಅವ್ರ ಮರ್ಜಿ.’ ಜಾತಿ, ಮಠ, ರಾಜಕೀಯ, ಗುರುಶಿಷ್ಯ ನಂಟು, ಇವೆಲ್ಲ ಸಂದರ್ಶನದ ಕೋಣೆಯಲ್ಲಿ ಕುರ್ಚಿ ಹಾಕಿಕೊಂಡು ಕೂತಿರುವ ನಾಡು ಇದು. ಅಲ್ಲಿ ಒಂದು ಅಂಕಿಯನ್ನು ಹಿಡಿದು ನಾನು ಇವನಿಗಿಂತ ಮೇಲೆ ಎನ್ನಲು ಬರುವುದು ಸಣ್ಣ ಬಲವಲ್ಲ. ‘ಗುಣ ನೋಡಿ ಆರಿಸುತ್ತೇವೆ’ ಎಂಬ ಮಾತಿನ ಹಿಂದೆ ಎಷ್ಟು ಅನ್ಯಾಯ ನಡೆದಿದೆ ಎಂದು ಬಲ್ಲವರಿಗೆ ನನ್ನ ವಾದ ಉಳ್ಳವರ ವಾದದಂತೆ ಕೇಳಿಸಿದ್ದರೆ ಆಶ್ಚರ್ಯವಿಲ್ಲ.

ಆದರೂ ಆ ಅಂಕಿ ಬಡವನ ಕೈಯಲ್ಲಿ ಉಳಿದಿದೆಯೇ ಎಂದು ನೋಡಬೇಕು. ಯುಜಿಸಿ 2010ರಲ್ಲಿ ಎಪಿಐ ಎಂಬ ಸಾಧನೆಯ ಅಂಕಗಳನ್ನು ತಂದಿತು. ಅಂಕಕ್ಕೆ ಪೇಪರು, ಪೇಪರಿಗೆ ಪತ್ರಿಕೆ ಬೇಕಾಯಿತು. ಬೇಕಾದದ್ದನ್ನು ಮಾರುವವರು ಹುಟ್ಟಿಕೊಂಡರು. 2017ರಲ್ಲಿ ಆಯೋಗವೇ 30,000ಕ್ಕೂ ಹೆಚ್ಚು ಪತ್ರಿಕೆಗಳ ಒಪ್ಪಿತ ಪಟ್ಟಿ ಪ್ರಕಟಿಸಿ, 2018ರ ಮೇ ತಿಂಗಳಲ್ಲಿ ಒಂದೇ ಏಟಿಗೆ 4,305ನ್ನು ತೆಗೆದುಹಾಕಿತು. ಅದೇ ವರ್ಷ ಕರೆಂಟ್ ಸೈನ್ಸ್‌ನಲ್ಲಿ ಭೂಷಣ್ ಪಟವರ್ಧನ್ ಮತ್ತು ಸಂಗಡಿಗರು ಆ ಪಟ್ಟಿಗೆ ವಿಶ್ವವಿದ್ಯಾಲಯಗಳೇ ಶಿಫಾರಸು ಮಾಡಿದ್ದ ಪತ್ರಿಕೆಗಳಲ್ಲಿ ಒಂದು ಸಾವಿರದಷ್ಟನ್ನು ಪರಿಶೀಲಿಸಿದಾಗ ಶೇ 88ರಷ್ಟು ಕಳಪೆ ಎಂದು ಕಂಡಿತು. 2019ರಲ್ಲಿ ಕೇರ್ ಎಂಬ ಹೊಸ ಪಟ್ಟಿ ಬಂತು, 2025ರ ಫೆಬ್ರವರಿಯಲ್ಲಿ ಅದನ್ನೂ ಕೈಬಿಟ್ಟರು. ಪಿಎಚ್‌ಡಿಗೆ ಮುಂಚೆ ಪೇಪರು ಕಡ್ಡಾಯ ಎಂಬ ನಿಯಮ 2022ರಲ್ಲಿ ಹೋಯಿತು. ಒಂದೊಂದು ಬದಲಾವಣೆಗೂ ಮುಂಚೆ ಪ್ರಕಟಣೆಯ ಶುಲ್ಕ ತುಂಬಿದವರು ಯಾರು? ಕಾಯಂ ಪ್ರಾಧ್ಯಾಪಕನಿಗೆ ಅದು ಸಣ್ಣ ಮೊತ್ತ. ಅತಿಥಿ ಉಪನ್ಯಾಸಕನಿಗೆ ಅದು ಬಾಡಿಗೆ ದುಡ್ಡು. ಶಿಫಾರಸು ಇಲ್ಲದವನಿಗೆ ಗುರಾಣಿಯೆಂದು ಕೊಟ್ಟದ್ದನ್ನು ಅವನೇ ಕೊಂಡುಕೊಳ್ಳಬೇಕಾಯಿತು, ಶಿಫಾರಸು ಇದ್ದವನು ಅದನ್ನೂ ಅವನಿಗಿಂತ ಹೆಚ್ಚು ಕೊಂಡ.

2018ರ ಅಂಕಪಟ್ಟಿಯ ಒಂದು ಸಾಲು ನೋಡಿ. ವಿಜ್ಞಾನದ ಪೇಪರಿಗೆ 8 ಅಂಕ, ಭಾಷೆ ಮತ್ತು ಮಾನವಿಕಗಳಿಗೆ 10. ಕೇಳಲು ಉದಾರ. ಅದರ ಮೇಲೆ ಸೇರುವ ಇಂಪ್ಯಾಕ್ಟ್ ಫ್ಯಾಕ್ಟರ್ (ಪತ್ರಿಕೆಯ ಪೇಪರುಗಳಿಗೆ ಸಿಗುವ ಸರಾಸರಿ ಉಲ್ಲೇಖ) ಅಂಕ ನೋಡಿದರೆ, ಆ ಫ್ಯಾಕ್ಟರ್ ಇಲ್ಲದ ಪತ್ರಿಕೆಗೆ 5, ಹತ್ತಕ್ಕಿಂತ ಹೆಚ್ಚಿದ್ದರೆ 30. ಕನ್ನಡದ ಯಾವ ಸಂಶೋಧನ ಪತ್ರಿಕೆಗೆ ಇಂಪ್ಯಾಕ್ಟ್ ಫ್ಯಾಕ್ಟರ್ ಹತ್ತಿದೆ? ಹುಮನಾಬಾದಿನ ಕನ್ನಡ ಮಾಸ್ತರು ಎರಡು ಅಂಕ ಮುಂದೆ ಹೊರಟು ಇಪ್ಪತ್ತಮೂರು ಅಂಕ ಹಿಂದೆ ಬೀಳುತ್ತಾನೆ, ಅದೂ ಪೂರ್ತಿ ನಿಯಮಬದ್ಧವಾಗಿ.

ಏಳನೆಯ ಆಕ್ಷೇಪಕ್ಕೆ ಎರಡೇ ಸಾಲು ಸಾಕು. ‘ಇವರದೇ ಅಂಕಿ ಕಡಿಮೆ, ಅದಕ್ಕೇ ದ್ರಾಕ್ಷಿ ಹುಳಿ’ ಎಂದಿದ್ದಾರೆ. ನನ್ನ ಅಂಕಿ ವಿಜ್ಞಾನೇಶ್ವರನಿಗಿಂತ ಎರಡು ಹೆಚ್ಚು; ಅದಕ್ಕಾಗಿ ಯಾರೂ ನನ್ನನ್ನು ಕೋರ್ಟಿನಲ್ಲಿ ಉಲ್ಲೇಖಿಸಿಲ್ಲ.

ಕೊನೆಯದು ಎಲ್ಲರೂ ಕೇಳಿದ್ದು: ಅಂಕಿ ಬೇಡವೆಂದರೆ ಮತ್ತೇನು? ಅಂಕಿ ಬೇಡವೆಂದು ನಾನು ಎಲ್ಲಿಯೂ ಅಂದಿಲ್ಲ. ಒಂದೇ ವಿಷಯದ, ಒಂದೇ ಅನುಭವದ ಇಬ್ಬರ ನಡುವೆ ಅದು ಕೇಳಬೇಕಾದ ಸಾಕ್ಷಿ. ತೀರ್ಪು ಮಾತ್ರ ಅದರದಲ್ಲ. ಇದು ನನ್ನ ಸ್ವಂತ ಹಟವೂ ಅಲ್ಲ. ಪತ್ರಿಕೆಯ ಇಂಪ್ಯಾಕ್ಟ್ ಫ್ಯಾಕ್ಟರಿನಿಂದ ವ್ಯಕ್ತಿಯನ್ನು ಅಳೆಯಬೇಡಿ ಎಂದು 2012ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಸೇರಿದ್ದ ಜೀವವಿಜ್ಞಾನದ ಸಂಪಾದಕರೇ ಘೋಷಣೆ ಹೊರಡಿಸಿದರು. ಯುಜಿಸಿ 2025ರ ಜನವರಿಯಲ್ಲಿ ಹೊರಡಿಸಿದ ಕರಡಿನಲ್ಲೂ ಅಂಕಪಟ್ಟಿಯ ಬದಲು ಗಮನಾರ್ಹ ಕೊಡುಗೆಗಳನ್ನು ನೋಡುವ, ಭಾರತೀಯ ಭಾಷೆಗಳ ಬೋಧನೆಯನ್ನು ಲೆಕ್ಕಕ್ಕೆ ಹಿಡಿಯುವ ಮಾತಿತ್ತು. ಕರಡಿನ ಬೇರೆ ಭಾಗಗಳ ಬಗ್ಗೆ, ಕುಲಪತಿಗಳ ನೇಮಕದ ಬಗ್ಗೆ ವಿಶೇಷವಾಗಿ, ರಾಜ್ಯಗಳು ಎತ್ತಿದ ತಕರಾರು ಬೇರೆ ಚರ್ಚೆ.

ನಾನು ಕೇಳುವುದು ಹೀಗೆ. ಅಭ್ಯರ್ಥಿ ತನ್ನ ಮೂರು ಬರಹಗಳನ್ನು ತಾನೇ ಆರಿಸಿ ಕೊಡಲಿ; ಪೇಪರೋ, ಪುಸ್ತಕವೋ, ಶಾಸನ ಸಂಪಾದನೆಯೋ, ಬಾವಿ ನೀರಿನ ಕೋಷ್ಟಕವೋ, ಯಾವುದಾದರೂ ಸರಿ. ಜೊತೆಗೆ ಒಂದು ಪುಟ, ಕನ್ನಡದಲ್ಲೂ ಆದೀತು: ಇದರಲ್ಲಿ ಹೊಸದೇನು, ಯಾರಿಗೆ ಉಪಯೋಗವಾಗಿದೆ. ಉಪಯೋಗಕ್ಕೆ ಸಾಕ್ಷಿಯಾಗಿ ಸೈಟೇಶನ್ ಕೊಡಬಹುದು, ಕೋರ್ಟಿನ ತೀರ್ಪು ಕೊಡಬಹುದು, ಪಠ್ಯಪುಸ್ತಕ ಕೊಡಬಹುದು, ಕೃಷಿ ವಿಜ್ಞಾನ ಕೇಂದ್ರದ ಪತ್ರ ಕೊಡಬಹುದು. ಅದೇ ವಿಷಯದ, ಜಿಲ್ಲೆಯ ಹೊರಗಿನ ಇಬ್ಬರು ಓದಿ ಲಿಖಿತ ಅಭಿಪ್ರಾಯ ಬರೆಯಲಿ. ಆ ಅಭಿಪ್ರಾಯದ ಪ್ರತಿ ಅಭ್ಯರ್ಥಿಯ ಕೈಗೆ ಹೋಗಲಿ, ಸೋತವನಿಗೂ. ಅತಿಥಿ ಉಪನ್ಯಾಸಕರು ಭಯಪಟ್ಟ ‘ಅವ್ರ ಮರ್ಜಿ’ ಕಾಗದದ ಮೇಲೆ ಬಂದು ಸಹಿ ಹಾಕಿದರೆ ಅದನ್ನು ಪ್ರಶ್ನಿಸಲು ಬರುತ್ತದೆ.

ಓದಲು ಸಮಿತಿಗೆ ಪುರುಸೊತ್ತೆಲ್ಲಿ ಎಂದು ಇದಕ್ಕೂ ಆಕ್ಷೇಪ ಬಂದಿದೆ. ಕೊನೆಯ ಸುತ್ತಿಗೆ ಹತ್ತು ಮಂದಿ ಉಳಿದರೆ ತಲಾ ಮೂರರಂತೆ ಮೂವತ್ತು ಬರಹ. ಇಬ್ಬರೂ ಎಲ್ಲವನ್ನೂ ಓದಿದರೆ ಎರಡು ವಾರದ ಕೆಲಸ. ಮುಂದೆ ಮೂವತ್ತು ವರ್ಷ ಈ ತಾಲ್ಲೂಕಿನ ಮಕ್ಕಳಿಗೆ ಪಾಠ ಹೇಳುವವರನ್ನು ಆರಿಸಲು ಎರಡು ವಾರ ಹೆಚ್ಚಾಯಿತು ಎನ್ನುವವರು ಸಮಿತಿಯಲ್ಲಿ ಕೂರುವುದು ಬೇಡ.